ಅಗ್ಗದ ಎಣ್ಣೆ, ದೂರದ ನೀರು

ಬಂದರಿನ ಹಿಂದಿನ ಓಣಿ, ನಮ್ಮನೆ
ನವೆಂಬರ್ ಹನ್ನೊಂದು, ಭಾನುವಾರ, ಮಧ್ಯಾಹ್ನದ ಊಟ ಮುಗಿದ ಮೇಲೆ

ನೀರಿನ ಮೇಲಿರುವ ನನ್ನವರಿಗೆ,

ಹೇಗಿದ್ದೀರಿ? ಎಡಗಿವಿಯ ನೋವು ಇಳಿಯಿತೇ? ಹೋದ ಸಲ ಕಳಿಸಿದ ಹತ್ತಿಯನ್ನೂ ಕಿವಿಗೆ ಬಿಡುವ ಔಷಧಿಯನ್ನೂ ಬಳಸುತ್ತಿದ್ದೀರೋ, ಇಲ್ಲಾ ಇಂಜಿನ್ ಒರೆಸುವುದಕ್ಕೆ ಆ ಹತ್ತಿ ಖರ್ಚಾಯಿತೋ? ನಿಮ್ಮ ಕಾಗದ ಬಂತು. ಒಟ್ಟು ನಾಲ್ಕು ಸಾಲು. ಅದರಲ್ಲಿ ಮೂರು ಸಾಲು ಇಂಜಿನ್ನಿನ ಆರೋಗ್ಯ. ಎಲ್ಲಿ ಎಣ್ಣೆ ಸೋರುತ್ತಿತ್ತು, ಯಾವ ನಟ್ಟು ಬಿಗಿ ಮಾಡಿದಿರಿ ಎಂದೆಲ್ಲ ಬರೆದು, ಕೊನೆಯಲ್ಲಿ 'ನಾನು ಚೆನ್ನಾಗಿದ್ದೇನೆ' ಎಂದು ಮುಗಿಸಿದ್ದೀರಿ. ಹತ್ತೊಂಬತ್ತು ವರ್ಷದ ಹಿಂದೆ ನಾನು ಕೈ ಹಿಡಿದದ್ದು ನಿಮ್ಮನ್ನು, ಇಂಜಿನ್ನನ್ನಲ್ಲ. ಈ ಸಲ ತಿರುಗಿಸಿ ಬರೆಯಿರಿ: ಮೂರು ಸಾಲು ನಿಮ್ಮದು, ಒಂದು ಸಾಲು ಅದರದು. ರಾತ್ರಿ ಎಷ್ಟು ಗಂಟೆ ನಿದ್ದೆ ಬರುತ್ತದೆ, ಬಿಸಿ ಊಟ ಸಿಗುತ್ತದೆಯೇ, ಕುಡಿಯುವ ನೀರಿಗೆ ಇನ್ನೂ ತುಕ್ಕಿನ ವಾಸನೆಯೇ, ಎಲ್ಲ ಬರೆಯಿರಿ.

ನಾವು ಮೂವರೂ ಕ್ಷೇಮ. ಮಾವನ ಬಲಗಾಲು ಸಂಜೆಯಾದರೆ ಊದುತ್ತದೆ. ಐಸ್ ಇಡಿ ಎಂದರೆ 'ಇಷ್ಟು ದಿನ ನೀರಲ್ಲಿ ನಿಂತ ಕಾಲು, ಈಗ ಐಸಲ್ಲಿ ನಿಲ್ಲಿಸ್ತೀಯಾ' ಎಂದು ನನ್ನನ್ನೇ ರೇಗಿಸುತ್ತಾರೆ. ಮಗಳಿಗೆ ಕನ್ನಡಕ ಬಂದಿದೆ. 'ಅಪ್ಪಂಗೆ ಬರೀಬೇಡಮ್ಮಾ, ಬಂದಾಗ ಅವರೇ ನೋಡಿ ಗುರುತಿಸ್ತಾರಾ ನೋಡೋಣ' ಎಂದಿದ್ದಳು. ಬರೆದುಬಿಟ್ಟೆ. ನೀವು ಗೊತ್ತಿಲ್ಲದವರ ಹಾಗೆ ನಟಿಸಿ. ಇನ್ನು ನನ್ನ ವಿಷಯ. ನಿಮ್ಮ ಬಟ್ಟೆಗೆ ಅಂಟಿದ ಡೀಸೆಲ್ ವಾಸನೆಗೆ ಎಷ್ಟು ಮೂಗು ಮುರಿಯುತ್ತಿದ್ದೆ, ನೆನಪಿದೆಯಲ್ಲ? ನಿಮ್ಮ ಅಂಗಿಗೆ ಬೇರೆ ಬಕೆಟ್, ಬೇರೆ ಸೋಪು, ಬೇರೆ ಹಗ್ಗ ಇಟ್ಟಿದ್ದವಳು ನಾನು. ಈಗ ಕೆಲಸದಿಂದ ಬರುವಾಗ ಬಂದರಿನ ಡೀಸೆಲ್ ಬಂಕಿನ ಮುಂದೆ ನಡಿಗೆ ತಾನಾಗಿಯೇ ನಿಧಾನವಾಗುತ್ತದೆ. ಒಂದು ದಿನ ಬಂಕಿನವನು 'ಏನಕ್ಕಾ, ಏನಾದ್ರೂ ಬೇಕಿತ್ತಾ?' ಎಂದು ಕೇಳಿದ. ಏನೆಂದು ಹೇಳಲಿ? ಗಂಡನ ವಾಸನೆ ಒಂದು ಲೀಟರ್ ಕೊಡಪ್ಪ ಎನ್ನಲೇ? ಚಪ್ಪಲಿಯ ಉಂಗುಟ ಕಿತ್ತಿದೆ ಎಂದು ಸುಳ್ಳು ಹೇಳಿ ಬಗ್ಗಿ ನೋಡಿಕೊಂಡು ಬಂದೆ.

ನೀವು ಹೋಗಿ ಇವತ್ತಿಗೆ ಎಂಬತ್ತಮೂರು ದಿನ. ಮೊದಲ ವರ್ಷಗಳಲ್ಲಿ ನಾನು ದಿನ ಎಣಿಸಿದವಳೇ ಅಲ್ಲ. ಗಂಟೆ ಎಣಿಸುತ್ತಿದ್ದೆ. ಬೆಳಕು ಹರಿಯುವ ಮುಂಚೆ ನಮ್ಮದೇ ಸಣ್ಣ ದೋಣಿಯಲ್ಲಿ ಹೊರಟರೆ ಹನ್ನೆರಡಕ್ಕೆಲ್ಲ ಕಟ್ಟೆಯ ಹತ್ತಿರ ನಿಮ್ಮ ಸೀಟಿ ಕೇಳಿಸುತ್ತಿತ್ತು. ಒಲೆಯ ಮೇಲಿನದು ಇಳಿಸುವುದರೊಳಗೆ ನೀವು ಬಾಗಿಲಲ್ಲಿ. ಒದ್ದೆ ಕಾಲಿನ ಗುರುತು ಹೊಸ್ತಿಲಿನಿಂದ ನೀರಿನ ತೊಟ್ಟಿಯವರೆಗೆ. ಈಗಷ್ಟೇ ಒರೆಸಿದ್ದೆ ಎಂದು ನಾನು ಕೂಗಾಡುವುದು, 'ನಾಳೆ ಹಾರ್ಕೊಂಡು ಬರ್ತೀನಿ ಬಿಡು' ಎಂದು ನೀವು ನಗುವುದು. ಈಗ ನಮ್ಮ ನೆಲ ತುಂಬಾ ಸ್ವಚ್ಛ. ಒರೆಸಿದ್ದು ಒರೆಸಿದ ಹಾಗೇ ಇರುತ್ತದೆ.

ಸಬ್ಸಿಡಿ ಡೀಸೆಲ್ ಬಂದ ದಿನ ನಾವೆಷ್ಟು ಕುಣಿದೆವು! ಮಗಳಿಗೆ ಆಗ ಎರಡು ವರ್ಷ. ಅರ್ಧ ಬೆಲೆಗೆ ಎಣ್ಣೆ, ದೋಣಿಯ ಕಾರ್ಡ್ ತೋರಿಸಿದರೆ ಸಾಕು. ಇನ್ನು ಬಡತನ ನಮ್ಮ ಓಣಿಯ ದಾರಿ ಮರೆಯುತ್ತದೆ ಎಂದುಕೊಂಡಿದ್ದೆ. ಎರಡು ಸಿಲಿಂಡರಿನ ಇಂಜಿನ್ ಮಾರಿ ದೊಡ್ಡದು ತಂದಿರಿ. ಅದಕ್ಕೆ ಹಸಿರು ಬಣ್ಣ ಬಳಿದವಳೂ ನಾನೇ. ದೋಣಿಗಿಂತ ಇಂಜಿನ್ನೇ ದೊಡ್ಡದು ಕಾಣುತ್ತಿತ್ತು. ಮಾವ ಸುತ್ತ ಒಂದು ಸುತ್ತು ಬಂದು 'ಮೂಗಿಗಿಂತ ಮೂಗುತಿ ಭಾರ' ಎಂದಿದ್ದಕ್ಕೆ ನಾವಿಬ್ಬರೂ ಮುಸಿಮುಸಿ ನಕ್ಕಿದ್ದೆವು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಸರ್ಕಾರ ಹಾಸಿಗೆಯನ್ನೇ ಎಳೆದು ಉದ್ದ ಮಾಡಿತು, ನಾವು ಕಾಲು ಚಾಚಿದೆವು. ನಾವೊಬ್ಬರೇ ಚಾಚಿದ್ದರೆ ಏನೂ ಆಗುತ್ತಿರಲಿಲ್ಲವೇನೋ. ಇಡೀ ಬಂದರೇ ಚಾಚಿತು. ಎಲ್ಲರಿಗೂ ದೊಡ್ಡ ಇಂಜಿನ್, ಎಲ್ಲರಿಗೂ ಕಡಲ ತಳ ಕೆರೆದು ಎಳೆಯುವ ಭಾರದ ಬಲೆ. ಮೂರೇ ವರ್ಷದಲ್ಲಿ ದಡದ ಹತ್ತಿರದ ನೀರು ಗುಡಿಸಿದ ಅಂಗಳದಂತಾಯಿತು. ಒಂದು ಗಂಟೆಯ ದಾರಿ ಐದು ಗಂಟೆಯಾಯಿತು, ಐದು ಗಂಟೆ ಎರಡು ದಿನವಾಯಿತು. ಎರಡು ದಿನದ ದೂರಕ್ಕೆ ನಮ್ಮ ದೋಣಿ ಸಾಲದು ಎಂದು ಅದನ್ನೂ ಮಾರಿದೆವು. ಕೊಂಡವನು ಅದನ್ನು ಕೊಯ್ದು ಕೋಳಿಗಳಿಗೆ ನೀರಿನ ತೊಟ್ಟಿ ಮಾಡಿಕೊಂಡಿದ್ದಾನಂತೆ. ಈ ಮಾತು ನಿಮಗೆ ಇದುವರೆಗೆ ಹೇಳಿರಲಿಲ್ಲ. ಆಮೇಲಿನದು ನಿಮಗೇ ಗೊತ್ತು. ಒಂದು ಬೋಟಿನ ಸಾಹುಕಾರರಿಗೆ ಮೂರು ಬೋಟಾಯಿತು, ನೀವು ಅವರ ದೊಡ್ಡ ಬೋಟಿನ ಇಂಜಿನ್ ನೋಡಿಕೊಳ್ಳುವವರಾದಿರಿ. ಸಬ್ಸಿಡಿ ಲೀಟರಿನ ಲೆಕ್ಕದ್ದಲ್ಲವೇ, ಹೆಚ್ಚು ಸುಟ್ಟವರಿಗೆ ಹೆಚ್ಚು. ನಮ್ಮ ಹಳೆಯ ದೋಣಿ ಎರಡು ವರ್ಷ ಕುಡಿಯುತ್ತಿದ್ದ ಎಣ್ಣೆಯನ್ನು ಆ ಬೋಟು ಒಂದೇ ಸಲ ತುಂಬಿಸಿಕೊಂಡು ಹೊರಡುತ್ತದೆ. ಅದೂ ಸಾಲದೆ ನಿಮ್ಮ ಬೆನ್ನ ಹಿಂದೆ ಮೂರು ದಿನದ ದಾರಿ ಎಣ್ಣೆ ದೋಣಿ ಕಳಿಸುತ್ತಾರೆ. ಎಣ್ಣೆ ಮುಗಿದರೆ ನೀವು ಮನೆಗೆ ಬರುತ್ತೀರಿ. ಅವರು ಎಣ್ಣೆ ಮುಗಿಯಲು ಬಿಟ್ಟರೆ ತಾನೇ! ಆ ದೋಣಿಯಲ್ಲೇ ಈ ಕಾಗದವೂ ಬರುವುದರಿಂದ ಅದನ್ನು ಬೈಯಲೂ ಬಾಯಿ ಬರುವುದಿಲ್ಲ.

ನಾನು ಮೀನು ವಿಂಗಡಿಸುವ ಮೇಜಿನ ಮುಂದೆ ನಿಂತು ಏಳು ವರ್ಷವಾಯಿತು. ನೀವು ಅಲ್ಲಿ ಬಲೆಯಿಂದ ಸುರಿದದ್ದು ಎಣ್ಣೆ ದೋಣಿಯಲ್ಲಿ ಬಂದು ನನ್ನ ಕೈ ಸೇರುತ್ತದೆ. ಐಸಿನಿಂದ ಬೆರಳು ಮರಗಟ್ಟಿದರೂ ಈ ಮೀನಿನ ಪೆಟ್ಟಿಗೆಯನ್ನು ಇವರೂ ಮುಟ್ಟಿರಬಹುದು ಎಂದು ಒಂದು ಹುಚ್ಚು ಯೋಚನೆ ಬರುತ್ತದೆ. ಮೊದಲು ಮೊಣಕೈ ಉದ್ದದ ಮೀನನ್ನು ಎರಡೂ ಕೈಯಲ್ಲಿ ಎತ್ತಿಡುತ್ತಿದ್ದೆವು. ಈಗ ಸಲಿಕೆಯಲ್ಲಿ ಎತ್ತಿ ಹಾಕುತ್ತೇವೆ. ಬೆರಳಿನಷ್ಟು ಮರಿ, ಇನ್ನೂ ಮೊಟ್ಟೆ ಇಡದ ಮರಿ, ಯಾರೂ ತಿನ್ನದ ಏನೇನೋ ಮುಳ್ಳು ಜಂತುಗಳು. ನಾಲ್ಕರಲ್ಲಿ ಮೂರು ಪಾಲು ನೇರವಾಗಿ ಪುಡಿ ಮಾಡುವ ಕಾರ್ಖಾನೆಗೆ, ಕೋಳಿಯ ಮೇವಿಗೆ. ಮೂರು ದಿನದ ದೂರದಿಂದ ಎಣ್ಣೆ ಸುಟ್ಟುಕೊಂಡು ತಂದದ್ದು ಕೋಳಿಯ ಮೇವು! ಕಾರ್ಖಾನೆಯ ಗಬ್ಬು ಒಂದು ಕಡೆ, ಕಟ್ಟೆಯಲ್ಲಿ ನಿಂತೇ ಉರಿಯುವ ಇಂಜಿನ್ನುಗಳ ಹೊಗೆ ಇನ್ನೊಂದು ಕಡೆ. ಒಗೆದ ಬಟ್ಟೆಯನ್ನು ಈಗ ಒಳಗೇ ಹರವುತ್ತೇನೆ. ಹೊರಗೆ ಹಾಕಿದರೆ ಮಗಳ ಬಿಳಿ ಶಾಲೆ ಅಂಗಿ ಸಂಜೆಯ ಹೊತ್ತಿಗೆ ಬೂದಿ ಬಣ್ಣ. ಅಗ್ಗದ ಎಣ್ಣೆ ಎಂದು ಯಾರೂ ಇಂಜಿನ್ ಆರಿಸುವುದೇ ಇಲ್ಲ.

ಹೋದ ವಾರ ಮಾವನಿಗೆ ಹಟ ಬಂತು. ಗಾಳ ತಗೊಂಡು ಬಂದರಿನ ಕಲ್ಲುಗೋಡೆಯ ತುದಿಗೆ ಹೋಗಿ ಕೂತರು. ಮೊದಲ ದಿನ ಏನಿಲ್ಲ, ಎರಡನೆಯ ದಿನ ಏನಿಲ್ಲ. ನಾಲ್ಕನೆಯ ದಿನ ಸಂಜೆ ಅಂಗೈ ಉದ್ದದ ಒಂದು ಮೀನನ್ನು ರಾಜನನ್ನು ಕರೆತಂದ ಹಾಗೆ ತಂದರು. ತಾವೇ ಹೆರೆದು ಉಪ್ಪು ಸವರಿ ಕೊಟ್ಟರು. ನಾನು ಹುರಿದೆ. ಮೂವರಿಗೂ ಒಂದೊಂದು ತುಂಡು. ಬಾಯಿಗಿಟ್ಟ ಕೂಡಲೇ ಮಗಳು ಮುಖ ಕಿವಿಚಿದಳು. ಡೀಸೆಲ್ಲಿನ ರುಚಿ. ಮಾವ ಮಾತ್ರ ನಿಧಾನಕ್ಕೆ ಅಗಿದು ನುಂಗಿ, 'ಪಾಪ, ಸೊಸೆಗೆ ಖರ್ಚು ಬೇಡ ಅಂತ ಎಣ್ಣೆ ತಾನೇ ಹಾಕ್ಕೊಂಡು ಬಂದಿದೆ' ಎಂದರು. ಮಗಳು ಬಿದ್ದು ಬಿದ್ದು ನಕ್ಕಳು, ನಾನೂ ನಕ್ಕೆ. ಆಮೇಲೆ ತಟ್ಟೆ ತೊಳೆಯಲು ಹೋದಾಗ ನೋಡುತ್ತೇನೆ, ಹಿತ್ತಲಲ್ಲಿ ಮಾವ ಗೋಡೆಗೆ ಮುಖ ಮಾಡಿ ನಿಂತಿದ್ದರು. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ.

ಈಗ ದೊಡ್ಡ ಸುದ್ದಿ. ಸಬ್ಸಿಡಿ ನಿಲ್ಲಿಸಬೇಕೋ ಮುಂದುವರಿಸಬೇಕೋ ಎಂದು ಜನರನ್ನು ಕೇಳಲು ಸರ್ಕಾರದ ಅಧಿಕಾರಿ ಬರುತ್ತಾರೆ ಎಂದು ಬಂದರಿನಲ್ಲಿ ಚೀಟಿ ಅಂಟಿಸಿದರು. ಸಭೆಯ ಹಿಂದಿನ ದಿನ ಸಾಹುಕಾರರು ಓಣಿಗೇ ಬಂದರು. ನಮ್ಮ ಮೆಟ್ಟಿಲ ಮೇಲೆ ಕೂತು ನೀರು ಕೇಳಿ ಕುಡಿದರು. ಗದರಿಸಲಿಲ್ಲ, ಮೆತ್ತಗೇ ಮಾತಾಡಿದರು. 'ಎಲ್ಲರೂ ಬಂದು ಸಬ್ಸಿಡಿ ಬೇಕು ಅನ್ಬೇಕು ಕಣಮ್ಮಾ. ಅದು ನಿಂತ ದಿನ ನನ್ನ ಬೋಟುಗಳೂ ನಿಂತ್ವು ಅಂತ ತಿಳ್ಕೋ. ನಿನ್ನ ಗಂಡ ಮನೇಲಿ ಕೂರಬೇಕಾಗುತ್ತೆ, ನೋಡು' ಎಂದರು. ಹೆದರಿಸಲೆಂದೇ ಹೇಳಿದ ಮಾತು. ನಾನೂ ಹೆದರಿದವಳ ಹಾಗೆ ತಲೆಯಾಡಿಸಿದೆ. ಅವರು ಮುಂದಿನ ಮನೆಗೆ ಹೋದರು. ನಾನು ಖಾಲಿ ಲೋಟ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟೆ. ನಿನ್ನ ಗಂಡ ಮನೇಲಿ ಕೂರಬೇಕಾಗುತ್ತೆ. ಆ ಮೂಲೆಯ ಕುರ್ಚಿಯಲ್ಲಿ, ಕಾಲು ಚಾಚಿಕೊಂಡು, ಓಡಾಡುವವರಿಗೆ ಅಡ್ಡವಾಗಿ. ಅಯ್ಯೋ, ಶಾಪ ಹಾಕುವವರು ಇಷ್ಟು ಒಳ್ಳೆಯ ಶಾಪ ಹಾಕುತ್ತಾರೆಯೇ! ಸಂಜೆಯವರೆಗೂ ಅದೇ ಮಾತು ಬಾಯಲ್ಲಿ ಇಟ್ಟುಕೊಂಡ ಸಕ್ಕರೆಯ ಹಾಗೆ. ಆಮೇಲೆ ಮಗಳು ಶಾಲೆಯಿಂದ ಬಂದು ಹೊಟ್ಟೆ ಹಸಿವು ಎಂದಳು. ಡಬ್ಬಿಯ ಮುಚ್ಚಳ ತೆಗೆದಾಗ ಸಕ್ಕರೆ ಕರಗಿತು. ಮನೆಯಲ್ಲಿ ಕೂತ ಗಂಡನನ್ನು ನೋಡುತ್ತಾ ಎಷ್ಟು ದಿನ ಹೊಟ್ಟೆ ತುಂಬುತ್ತದೆ?

ಸಭೆ ಗುರುವಾರ, ಹರಾಜು ಶೆಡ್ಡಿನಲ್ಲಿ. ನೆಲ ತೊಳೆದು ಕುರ್ಚಿ ಹಾಕಿದ್ದರು. ಅಧಿಕಾರಿ ನಮ್ಮ ವಯಸ್ಸಿನ ಹೆಂಗಸು. ಮೊದಲು ಕರವಸ್ತ್ರ ಮೂಗಿಗೆ ಹಿಡಿದರು, ನಾವು ನೋಡುವುದನ್ನು ಕಂಡು ನಾಚಿ ಚೀಲಕ್ಕೆ ಹಾಕಿಕೊಂಡರು. ಅದರಿಂದಲೇ ನನಗೆ ಅವರು ಹಿಡಿಸಿದರು. ಸಾಹುಕಾರರು ಮೈಕ್ ಹಿಡಿದು 'ಡೀಸೆಲ್ ಇಲ್ದೆ ಮೀನಿಲ್ಲ, ಮೀನಿಲ್ದೆ ಈ ಜನ ಇಲ್ಲ' ಎಂದರು. ಚಪ್ಪಾಳೆಯೋ ಚಪ್ಪಾಳೆ. ಆಮೇಲೆ ಐಸ್ ಅಂಗಡಿಯ ಅಕ್ಕ ಎದ್ದಳು. ಅವಳಿಗೆ ಮೈಕೇ ಬೇಡ. 'ಬೋಟು ನಿಂತ್ರೆ ನನ್ನ ಐಸ್ ಯಾರು ತಗೋತಾರೆ? ನನ್ನ ಮೂರು ಮಕ್ಕಳಿಗೆ ನೀವು ಬಂದು ಊಟ ಹಾಕ್ತೀರಾ, ಮೇಡಂ?' ಎಂದಳು. ಅವಳ ಮಾತಿನಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಅಧಿಕಾರಿಗೂ ಹಾಗೇ ಅನ್ನಿಸಿರಬೇಕು, ಅವಳ ಕಡೆಗೇ ತಿರುಗಿ ನಿಂತರು. ನಿಧಾನವಾಗಿ ಹೇಳಿದರು: 'ದೂರ ಹೋಗೋ ದೊಡ್ಡ ಬೋಟುಗಳು ತರೋ ಮೀನಿನ ಬೆಲೆಗಿಂತ, ಅದನ್ನ ಹಿಡಿಯೋಕೆ ಸುಟ್ಟ ಎಣ್ಣೆಯ ನಿಜವಾದ ಬೆಲೆ ಜಾಸ್ತಿ. ಆ ವ್ಯತ್ಯಾಸ ಯಾರು ತುಂಬ್ತಿದ್ದಾರೆ ಅಂದ್ಕೊಂಡ್ರಿ? ನೀವೇ. ಈ ಬಂದರಿನ ಡೀಸೆಲ್ಲಿಗೆ ಹೋಗೋ ದುಡ್ಡು, ಇಲ್ಲಿನ ಶಾಲೆ, ಆಸ್ಪತ್ರೆ ಎರಡಕ್ಕೂ ಸೇರಿ ಕೊಡೋದಕ್ಕಿಂತ ಹೆಚ್ಚು.' ನನಗೆ ಮಗಳ ತರಗತಿಯ ನೆನಪಾಯಿತು. ಸೋರುವ ಚಾವಣಿಯ ಕೆಳಗೆ ಬಕೆಟ್ ಇಟ್ಟು ಪಾಠ ಮಾಡುತ್ತಾರೆ. ದುರಸ್ತಿಗೆ ಹಣವಿಲ್ಲ ಎಂದು ಮೂರು ವರ್ಷದಿಂದ ಅದೇ ಉತ್ತರ. ವಾರಕ್ಕೆ ಒಂದೇ ದಿನ ಬರುವ ಡಾಕ್ಟರು ನೆನಪಾದರು. ಹತ್ತಿರದ ನೀರು ನೆನಪಾಯಿತು. ಆಮೇಲೆ ಇನ್ನೂ ಒಬ್ಬಿಬ್ಬರು ಮಾತಾಡಿದರು. ಎಲ್ಲ ಬಂದರುಗಳನ್ನೂ ನೋಡಿಕೊಂಡು ತೀರ್ಮಾನ ಹೇಳುತ್ತೇವೆ ಎಂದು ಅಧಿಕಾರಿ ಹೊರಟರು. ಅಷ್ಟೇ.

ಶುಕ್ರವಾರದಿಂದ ನಾನು ಮನೆಯಲ್ಲೇ ಇದ್ದೇನೆ. ಬೆರಳಿಗೆ ಸ್ವಲ್ಪ ವಿಶ್ರಾಂತಿ, ಚಿಂತೆ ಮಾಡಬೇಡಿ. ಹೊತ್ತು ಹೋಗದೆ ನಿಮ್ಮ ಹಳೆಯ ಅಂಗಿಗಳಿಗೆಲ್ಲ ಗುಂಡಿ ಹಾಕಿದೆ. ಎರಡನ್ನು ಕಳಿಸಿದ್ದೇನೆ, ಜೊತೆಗೆ ಕಾಲಿಗೆ ಹಚ್ಚುವ ಮುಲಾಮು, ಹತ್ತಿ (ಕಿವಿಗೆ!), ಮಗಳು ಬರೆದ ನಿಮ್ಮ ಚಿತ್ರ. ಚಿತ್ರದಲ್ಲಿ ಮೀಸೆ ಸ್ವಲ್ಪ ಹೆಚ್ಚಾಗಿದೆ. ನೋಡಿ ಬರೆಯೋಣ ಎಂದರೆ ಆಳು ಎದುರಿಗಿಲ್ಲವಲ್ಲ, ನೆನಪಿನಲ್ಲಿ ಮೀಸೆ ಬೆಳೆದುಬಿಟ್ಟಿದೆ. ಇಂಜಿನ್ ಕೋಣೆಯಲ್ಲಿ ಮಲಗಬೇಡಿ, ಹೊಗೆ ಎದೆಗೆ ಹಿಡಿಯುತ್ತದೆ. ಮೇಲೆ ಗಾಳಿಗೆ ಬನ್ನಿ. ಸಂಜೆ ದಡದ ದಿಕ್ಕಿಗೆ ಒಮ್ಮೆ ಮುಖ ಮಾಡಿ ನಿಲ್ಲಿ. ಏನೂ ಕಾಣುವುದಿಲ್ಲ, ಗೊತ್ತು. ನನಗೂ ಏನೂ ಕಾಣುವುದಿಲ್ಲ. ಆದರೂ ಆರು ಗಂಟೆಗೆ ನಾನೂ ಕಟ್ಟೆಯ ಮೇಲೆ ನಿಂತಿರುತ್ತೇನೆ.

ಮಾವ ಆಶೀರ್ವಾದ ಹೇಳಿದ್ದಾರೆ, ಮಗಳು ಮುತ್ತು ಕಳಿಸಿದ್ದಾಳೆ, ಎರಡನ್ನೂ ಕೈ ತೊಳೆದುಕೊಂಡು ತೆಗೆದುಕೊಳ್ಳಿ. ಉಳಿದದ್ದು ಕಾಗದದಲ್ಲಿ ಬರೆಯುವಂಥದ್ದಲ್ಲ.

ಇಂತು,
ನಿಮ್ಮವಳು

ಮರೆತ ಮಾತು: ಸೋಮವಾರ ಬೆಳಗ್ಗೆ ಹತ್ತು ಗಂಟೆ. ಎಣ್ಣೆ ದೋಣಿಗೆ ಕೊಡಲು ತಂದ ಲಕೋಟೆಯನ್ನು ಮತ್ತೆ ಒಡೆದು, ಕಟ್ಟೆಯ ಮೇಲೆ ಪೀಪಾಯಿಗೆ ಒರಗಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ. ಮರೆತದ್ದಲ್ಲ, ಮುಚ್ಚಿಟ್ಟದ್ದು. ಸಭೆಯಲ್ಲಿ ಮಾತಾಡಿದ ಒಬ್ಬಿಬ್ಬರಲ್ಲಿ ನಾನೂ ಒಬ್ಬಳು. ಸಾಹುಕಾರರ ಗುಮಾಸ್ತ ಬರೆದುಕೊಟ್ಟ ಚೀಟಿ ಕೈಯಲ್ಲೇ ಇತ್ತು. ಓದಲೆಂದೇ ಎದ್ದೆ. ಬಾಯಿ ತೆರೆದರೆ ಬೇರೆಯದೇ ಬಂತು. 'ನನ್ನ ಗಂಡ ಮನೆಗೆ ಬಂದು ಎಂಬತ್ತು ದಿನ ಆಯ್ತು ಮೇಡಂ. ಹತ್ರ ಮೀನಿಲ್ಲ ಅಂತ ದೂರ ಹೋದ್ರು. ದೂರ ಹೋಗೋಕೆ ನೀವು ಎಣ್ಣೆ ಕೊಟ್ರಿ. ಹಾಗೆ ಕೊಟ್ಟಿದ್ದಕ್ಕೇ ಹತ್ರ ಮೀನಿಲ್ಲದ ಹಾಗಾಯ್ತು. ಸುಟ್ಟೋರಿಗೆ ಕೊಡ್ತೀರಲ್ಲ, ಹುಟ್ಟು ಹಾಕ್ಕೊಂಡು ಹೋಗ್ತಿದ್ದ ನನ್ನ ಮಾವಂಗೆ ಯಾವತ್ತಾದ್ರೂ ಏನಾದ್ರೂ ಕೊಟ್ಟಿದ್ದೀರಾ? ಕೊಡೋದಾದ್ರೆ ಇನ್ನು ಮನುಷ್ಯರ ಹೊಟ್ಟೆಗೆ ಕೊಡಿ, ಆ ಐಸ್ ಅಕ್ಕನಿಗೆ ಕೊಡಿ. ಇಂಜಿನ್ ಹೊಟ್ಟೆ ತುಂಬ್ಸಿದ್ದು ಸಾಕು' ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧಿಕಾರಿ ಬರೆದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಮಾವ ಹೇಳಿದ್ದು ಒಂದೇ ಮಾತು: 'ಬಾಯಿ ಬಿಟ್ಟಾಯ್ತಲ್ಲ, ಇನ್ನು ಮುಚ್ಚಬೇಡ.' ಶುಕ್ರವಾರ ಸಾಹುಕಾರರ ಕಡೆಯವರು ಮೇಜಿನ ಕೆಲಸಕ್ಕೆ ಬರಬೇಡ ಎಂದರು. ಬೆರಳಿಗೆ ವಿಶ್ರಾಂತಿ ಎಂದು ಬರೆದದ್ದು ಅದಕ್ಕೇ. ಐಸ್ ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಆದರೆ ಮಾವನ ಕಾಲಿಗೆ ಐಸ್ ತರಲು ಹೋದ ಮಗಳಿಗೆ ಎರಡರಷ್ಟು ಕೊಟ್ಟು ಕಳಿಸಿದಳು.

ಈಗಿನ ಸಂಗತಿ ಕೇಳಿ. ಸಾಹುಕಾರರು ಇಲ್ಲೇ ಕಟ್ಟೆಯ ಮೇಲೆ ಎಲ್ಲರೆದುರು ನನಗೆ ಹೇಳಿದರು: 'ಗಂಡ ಬೇಕು ಅಂದ್ಯಲ್ಲ, ತಗೋ. ಇದೇ ದೋಣೀಲಿ ವಾಪಸ್ ಕಳಿಸ್ತೀನಿ.' ನಿಮ್ಮ ಜಾಗಕ್ಕೆ ಹೊಸಬ ಚಾಪೆ ಸುತ್ತಿಕೊಂಡು ದೋಣಿ ಹತ್ತಿಯೂ ಆಯಿತು. ಈ ಕಾಗದ ಕೊಡುವವನೂ ಅವನೇ. ಅವನ ಮೇಲೆ ಸಿಟ್ಟು ಬೇಡ, ಅವನ ಹೆಂಡತಿ ಅಲ್ಲಿ ಕಂಬದ ಹತ್ತಿರ ನಿಂತು ಅಳುತ್ತಿದ್ದಾಳೆ. ನಿಮ್ಮನ್ನು ಒಂದು ಮಾತೂ ಕೇಳದೆ ನಿಮ್ಮ ಕೆಲಸ ಕಳೆದೆ. ಮುಂದೆ ಹೇಗೆ ಎಂದು ನನಗೂ ಗೊತ್ತಿಲ್ಲ. ತಪ್ಪೋ ಸರಿಯೋ, ಅದೂ ಗೊತ್ತಿಲ್ಲ. ಬರುವ ದಾರಿ ಮೂರು ದಿನ. ಕೋಪ ಬಂದಿದ್ದರೆ ದಾರಿಯಲ್ಲೇ ಖರ್ಚು ಮಾಡಿಬಿಡಬೇಡಿ, ಪೂರ್ತಿ ಮನೆಗೇ ತನ್ನಿ. ಎದುರು ಕೂತು ನಿಮ್ಮಿಂದ ಬೈಸಿಕೊಂಡು ಎಷ್ಟು ದಿನವಾಯಿತು. ಹಗ್ಗ ಬಿಚ್ಚುತ್ತಿದ್ದಾರೆ, ಕೊಟ್ಟೆ.